ನಾಲ್ಕನೇ ಸಾಲು ಅಳಿಸಿದ್ದು ನಾನು

ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಅಂಗಡಿಯಲ್ಲಿ ಕೆಲಸಕ್ಕೆ ಕೂತರೆ ನಿಮಗೆ ಯಾರ ಮುಖವೂ ಕಾಣುವುದಿಲ್ಲ. ಬೆನ್ನು ಕಾಣುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಸಂಜೆ ಏಳರವರೆಗೆ ಎಂಟು ಕುರ್ಚಿ, ಎಂಟು ಬೆನ್ನು. ಬಂದವರು ಚಪ್ಪಲಿ ಬಿಡುವಾಗ ಒಮ್ಮೆ ನಿಮ್ಮ ಕಡೆ ನೋಡುತ್ತಾರೆ, ಹೋಗುವಾಗ ಅದೂ ಇಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದುಗಡೆ ಅಂಥ ಒಂದು ಅಂಗಡಿಯಲ್ಲಿ ನಾನು ಹದಿಮೂರು ವರ್ಷ ಕೆಲಸ ಮಾಡಿದೆ. ಎಷ್ಟೋ ದಿನ "ಟೈಮಾಯ್ತು, ಏಳಿ" ಅನ್ನುವುದು ಬಿಟ್ಟು ಬೇರೆ ಮಾತು ಬಾಯಿಂದ ಹೊರಟಿರುತ್ತಿರಲಿಲ್ಲ. ಮನೆಗೆ ಹೋದರೆ ಅಲ್ಲಿ ಅದೂ ಇಲ್ಲ. ಗಂಡ ಮೊದಲೇ ಸತ್ತಿದ್ದ, ಮಗಳನ್ನು ಬೀಚನಹಳ್ಳಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಇದನ್ನು ಗೋಳು ಅಂತ ಬರೆಯುತ್ತಿಲ್ಲ. ಕೆಲಸದ ರೀತಿ ಹಾಗಿತ್ತು.

ಈಗ ನಮ್ಮ ಬೀದಿಯ ಇಬ್ಬರು ಹುಡುಗಿಯರು ಮೈಸೂರಿನಲ್ಲಿ ಇದೇ ಕೆಲಸಕ್ಕೆ ಸೇರಿದ್ದಾರೆ. ಹೇಗಿರುತ್ತದೆ ಅಜ್ಜಿ ಅಂತ ಕೇಳಿದರು. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ಎದ್ದು ಹೋಗುತ್ತಾರೆ, ಅದಕ್ಕೆ ಬರೆದಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ನನ್ನದೇ.

ಈ ಅಂಗಡಿಗೂ ಮೊದಲು ನಾನು ಹೊಗೆಸೊಪ್ಪು ವಿಂಗಡಿಸುವ ಕೆಲಸದಲ್ಲಿದ್ದೆ. ಆ ಧೂಳಿಗೆ ಎದೆ ಕೆಟ್ಟಿತು. ಪುಟ್ಟಸ್ವಾಮಿ ಅನ್ನುವವರು ಅಂಗಡಿ ಹಾಕಿ, ಕಸ ಗುಡಿಸಲು ಒಬ್ಬರು ಬೇಕು ಅಂದಾಗ ಸೇರಿಕೊಂಡೆ. ಆಗ ಕಂಪ್ಯೂಟರ್ ಇರಲಿಲ್ಲ. ಆಳೆತ್ತರದ ಮರದ ಪೆಟ್ಟಿಗೆಗಳಿದ್ದವು, ಅದಕ್ಕೊಂದು ಪರದೆ, ಆಡಿಸಲು ಒಂದು ಕೋಲು, ನಾಲ್ಕು ಗುಂಡಿ. ಜನ ನಿಂತುಕೊಂಡೇ ಆಡುತ್ತಿದ್ದರು, ಸೋತರೆ ಪೆಟ್ಟಿಗೆಗೆ ಗುದ್ದುತ್ತಿದ್ದರು. ಗದ್ದಲ ಬಹಳ, ಆದರೆ ಆ ಕಾಲದಲ್ಲಿ ಮುಖ ಕಾಣುತ್ತಿತ್ತು. ಎರಡು ಸಾವಿರ ಇಸವಿ ಆದಮೇಲೆ ಪೆಟ್ಟಿಗೆ ಹೋಗಿ ಎಂಟು ಕಂಪ್ಯೂಟರ್ ಬಂದವು. ಎಲ್ಲವೂ ಗೋಡೆಯ ಕಡೆಗೆ ತಿರುಗಿ ಕೂತವು, ಅಂಗಡಿ ತಣ್ಣಗಾಯಿತು.

ಕೆಲಸ ಹೇಳುತ್ತೇನೆ. ಬಂದವರ ಗಂಟೆಯನ್ನು ಸ್ಲೇಟಿನಲ್ಲಿ ಬರೆಯುವುದು. ಧೂಳು ಒರೆಸುವುದು. ಕಂಪ್ಯೂಟರ್ ಡಬ್ಬದ ಹಿಂದೆ ಹಲ್ಲಿ ಸೇರಿದ್ದರೆ ಓಡಿಸುವುದು. ಇದೆಲ್ಲಕ್ಕಿಂತ ದೊಡ್ಡ ಕೆಲಸ ಕರೆಂಟಿನದು. ದಿನಾ ಎರಡು ಸಲ ತೆಗೆಯುತ್ತಿದ್ದರು. ಆಡಿದ್ದನ್ನು ಸೇವ್ ಮಾಡದೆ ಇದ್ದಾಗ ಕರೆಂಟ್ ಹೋದರೆ ಅವತ್ತಿನ ಆಟವೆಲ್ಲ ಮಣ್ಣು. ಯಾವ ವಾರ ಯಾವ ಹೊತ್ತು ಅಂತ ಎದುರಿನ ಟೀ ಅಂಗಡಿಗೆ ಬರುವ ಲೈನ್‌ಮನ್ನನ್ನು ಕೇಳಿ ಇಟ್ಟುಕೊಳ್ಳುತ್ತಿದ್ದೆ. ಐದು ನಿಮಿಷ ಮುಂಚೆ ಎಂಟು ಬೆನ್ನಿಗೂ ಒಂದೊಂದು ತಟ್ಟಿ, "ಸೇವ್ ಮಾಡ್ಕಳಿ, ಕರೆಂಟ್ ಹೋಯ್ತದೆ" ಅನ್ನುತ್ತಿದ್ದೆ. ಒಂದು ಸಲ ಲೈನ್‌ಮನ್ ತಮಾಷೆಗೆ ತಪ್ಪು ಹೊತ್ತು ಹೇಳಿದ. ಅವತ್ತು ಎಂಟು ಜನ ಒಟ್ಟಿಗೆ ನನ್ನನ್ನು ಬೈದರು. ಆವತ್ತು ಮಾತ್ರ ಎಲ್ಲರ ಮುಖವನ್ನೂ ಒಟ್ಟಿಗೆ ನೋಡಿದೆ.

ಎಲ್ಲ ಯಂತ್ರದಲ್ಲೂ ಕಾರು, ಕ್ರಿಕೆಟ್ಟು, ಗುಂಡು ಹಾರಿಸುವುದು. ಮೂಲೆಯ ಯಂತ್ರ ಒಂದರಲ್ಲಿ ಮಾತ್ರ ಒಂದು ಕಥೆಯ ಆಟವಿತ್ತು. ಲೋಕವೆಲ್ಲ ಸುಟ್ಟು ಹೋಗಿರುತ್ತದೆ. ಊರುಗಳಿರುತ್ತವೆ, ಜನ ಇರುವುದಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿರುತ್ತಾರೆ. ಆಡುವವನು ಒಂದು ಚೀಲ ಹೊತ್ತು ಊರಿಂದ ಊರಿಗೆ ನಡೆಯಬೇಕು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರುತ್ತದೆ, ಒಂದು ಎರಡು ಮೂರು ಅಂತ. ನೀರು ಕೊಡುತ್ತೀಯೋ, ಕೊಡುವುದಿಲ್ಲವೋ, ಅವರ ಹತ್ತಿರ ಇರುವುದನ್ನೂ ಕಿತ್ತುಕೊಳ್ಳುತ್ತೀಯೋ. ಅಂಕಿ ಒತ್ತಿದರೆ ಹಾಗೇ ನಡೆಯುತ್ತದೆ. ನನಗೆ ಅಂಕಿ ಗೊತ್ತು, ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಚಿತ್ರ ನೋಡಿ ತಿಳಿದುಕೊಂಡಷ್ಟು ತಿಳಿದೆ.

ಆ ಮೂಲೆಗೆ ಬಂದವರಲ್ಲಿ ವಿಚಿತ್ರದವರಿದ್ದರು. ಒಬ್ಬ ನಿವೃತ್ತ ಮೇಷ್ಟರು ಮೊದಲನೇ ಊರಿನಲ್ಲೇ ಇದ್ದ ನೀರನ್ನೆಲ್ಲ ದಾನ ಮಾಡಿ ಮೂರನೇ ದಿನ ಬಾಯಾರಿ ಸಾಯುತ್ತಿದ್ದರು. ಮತ್ತೆ ಮೊದಲಿಂದ ಶುರು ಮಾಡಿ ಮತ್ತೆ ದಾನ ಮಾಡುತ್ತಿದ್ದರು. ಸೈಕಲ್ ಅಂಗಡಿಯ ಸಿದ್ದೇಗೌಡನಿಗೆ ಆಟದಲ್ಲಿ ತಿನ್ನಲು ಡಬ್ಬಿ ಮಾಂಸ ಒಂದೇ ಉಳಿದಿತ್ತು. ತಿನ್ನದೆ ಸುಮ್ಮನೆ ಕೂತಿದ್ದ.

"ಯಾಕಪ್ಪ, ಒತ್ತಬಾರ್ದಾ" ಅಂದೆ.

"ಸ್ವಾಮಾರ ಕಣಜ್ಜಿ ಇವತ್ತು, ಬಾಡು ತಿನ್ನಂಗಿಲ್ಲ."

"ಆಟದಾಗೂ ಸ್ವಾಮಾರನಾ?"

"ಕೈ ನಂದೇ ಅಲ್ವ ಒತ್ತಾದು" ಅಂದ. ಆಟದಲ್ಲಿ ಸತ್ತು, ಮನೆಗೆ ಊಟಕ್ಕೆ ಎದ್ದು ಹೋದ. ಅವನ ಮಾತು ನನಗೆ ಸರಿ ಅನ್ನಿಸಿತು. ಒತ್ತುವ ಕೈ ಅವನದೇ, ಹಾಗಾದರೆ ಆಟದೊಳಗಿನ ಮನುಷ್ಯನೂ ಅವನೇ ಅಂದುಕೊಂಡೆ. ಅಲ್ಲೇ ನಾನು ಕೆಟ್ಟದ್ದು.

ಚೆಲುವರಾಜು ಅಂತ ಒಬ್ಬ ಬರುತ್ತಿದ್ದ. ಮೂವತ್ತು ದಾಟಿದವನು, ಹೊಗೆಸೊಪ್ಪು ಹರಾಜಿನಲ್ಲಿ ಬೇಲು, ಅಂದರೆ ಸೊಪ್ಪಿನ ಪಿಂಡಿ, ತೂಗುವ ಕೆಲಸ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಸೌಮ್ಯ ಮನುಷ್ಯ. ಬೇರೆಯವರು ಒದ್ದು ಬಿಟ್ಟ ಚಪ್ಪಲಿಯನ್ನೂ ಜೋಡಿಸಿ ಒಳಗೆ ಬರುತ್ತಿದ್ದ. ಆಟದಲ್ಲಿ ಮಾತ್ರ ಅವನಷ್ಟು ಕಟುಕನನ್ನು ನಾನು ನೋಡಲಿಲ್ಲ. ಬಾವಿಗೆ ಇಳಿದಿದ್ದ ಹೆಂಗಸಿನ ಹಗ್ಗ ಎಳೆದುಕೊಂಡು ಹೊರಟುಬಿಟ್ಟ. ಜ್ವರ ಬಂದು ಮಲಗಿದ್ದವರ ತಲೆದೆಸೆಯಿಂದ ಔಷಧಿ ಪೆಟ್ಟಿಗೆ ಎತ್ತಿಕೊಂಡ. ಅವನ ಹಿಂದೆ ಒಬ್ಬ ಕುಂಟು ಮುದುಕ ಕಾಲೆಳೆದುಕೊಂಡು ಬರುತ್ತಿದ್ದ. ಹೊರೆ ಹೊರಲು ಇಟ್ಟುಕೊಂಡ ಆಳು ಅಂದುಕೊಂಡೆ.

ಹಗ್ಗ ಎಳೆದುಕೊಂಡ ದಿನ ನಾನು ತಡೆಯಲಾರದೆ ಕೇಳಿದೆ. "ಏನಪ್ಪ, ಆ ಯಮ್ಮ ಬಾವಿ ಒಳಗೇ ಅವ್ಳಲ್ಲ?"

"ಊಂ ಕಣಜ್ಜಿ" ಅಂದ, ತಿರುಗದೆ.

"ಅವ್ಳು ಸಾಯ್ತಾಳಲ್ಲ."

"ಸಾಯ್ತಾಳೆ" ಅಂದು ಮುಂದಕ್ಕೆ ನಡೆದ.

ಪುಟ್ಟಸ್ವಾಮಿಗೆ ಹೇಳಿದೆ, ಆ ಮನುಷ್ಯನ ಮೇಲೆ ಒಂದು ಕಣ್ಣಿಡಿ, ಅವನು ಒಳಗೊಂದು ಹೊರಗೊಂದು ಅಂತ. ಅವರು ನಕ್ಕರು. "ಅವ್ನು ನಮ್ ಬಾಮೈದನ ಬೇಲ್ ತೂಗೋನು ಕಣ ನಿಂಗಕ್ಕ. ಅವ್ನು ಊರ್‌ನೇ ಸುಡ್ಲಿ, ನೀನು ಕುರ್ಚಿ ಒರ್ಸು."

ಇನ್ನು ರಫಿಯ ವಿಷಯ. ಯಂತ್ರ ಕೆಟ್ಟರೆ ರಿಪೇರಿ ಮಾಡುತ್ತಿದ್ದವನು. ನಲವತ್ತರ ಹತ್ತಿರದವನು, ಎರಡು ಹೆಣ್ಣುಮಕ್ಕಳ ತಂದೆ, ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದು ಕಂಪ್ಯೂಟರ್ ಕಲಿತವನು. ಇಡೀ ಅಂಗಡಿಯಲ್ಲಿ ನನ್ನ ಜೊತೆ ಎದುರಿಗೆ ಕೂತು ಮಾತಾಡುತ್ತಿದ್ದವನು ಅವನೊಬ್ಬ. ಕಥೆಯ ಆಟದಲ್ಲಿ ಹತ್ತು ಜನರ ಸೇವ್ ಮಾತ್ರ ಹಿಡಿಯುತ್ತಿತ್ತು, ಹತ್ತು ಸಾಲು. ತುಂಬಿದರೆ ಹೊಸಬರಿಗೆ ಜಾಗವಿಲ್ಲ. ಯಾರು ತಿಂಗಳುಗಟ್ಟಲೆ ಬಂದಿಲ್ಲವೋ ಅವರ ಸಾಲನ್ನು ಅಳಿಸುವುದನ್ನು ರಫಿಯೇ ನನಗೆ ಕಲಿಸಿದ. ಯಾವ ಸಾಲು ಯಾರದು ಅಂತ ನನ್ನ ಒಂದು ನೋಟ್ ಬುಕ್ಕಿನಲ್ಲಿ ಇರುತ್ತಿತ್ತು. ಚೆಲುವರಾಜುದು ನಾಲ್ಕು.

"ಒತ್ತೋಕ್ ಮುಂಚೆ ಎರಡ್ ಸಲ ನೋಡಿ ಅಜ್ಜಿ. ಹೋದ್ಮೇಲೆ ದೇವ್ರು ಬಂದ್ರೂ ಬರಲ್ಲ" ಅಂದಿದ್ದ.

ಒಂದು ಮಂಗಳವಾರ ಚೆಲುವರಾಜು ಆಟದಲ್ಲಿ ಒಂದು ಊರಿಗೆ ಬಂದ. ಆ ಊರಿನವರು ಅವನಿಗೂ ಮುದುಕನಿಗೂ ಅನ್ನ ಹಾಕಿದರು, ಮಲಗಲು ಚಾಪೆ ಕೊಟ್ಟರು. ಅವನು ಎದ್ದು ಹೋಗಿ, ಹೊರಗೆ ಕಾಯುತ್ತಿದ್ದ ಕೊಲೆಗಡುಕರಿಗೆ ಬಾಗಿಲು ತೆಗೆದ. ಅಂಕಿ ಒತ್ತುವ ಮೊದಲು ಎರಡು ಸಲ ಕೈ ಹಿಂದಕ್ಕೆ ತೆಗೆದ, ಅದು ನಿಜ. ಆದರೆ ಒತ್ತಿದ. ಹೆಂಗಸರು ಅಲ್ಲಲ್ಲೇ ಬಿದ್ದರು. ಚಿತ್ರ ಅಂತ ಗೊತ್ತಿದ್ದರೂ ನನ್ನ ಮೈ ಉರಿಯಿತು. ಉಂಡ ಮನೆ ಅದು. ಅವನು ಸೇವ್ ಮಾಡಿ, ಕುರ್ಚಿ ಒಳಗೆ ತಳ್ಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಮೂಲೆಗೆ ಹೋಗಿ ಕೂತೆ. ಹತ್ತು ಸಾಲು ತೆರೆದೆ. ನಾಲ್ಕಕ್ಕೆ ಇಳಿದು ಒತ್ತಿದೆ. ನಿಜವಾಗಲೂ ಅಳಿಸಬೇಕೇ ಅಂತ ಅದು ಒಂದು ಸಲ ಕೇಳುತ್ತದೆ. ಮತ್ತೆ ಒತ್ತಿದೆ. ಹೇನು ಕುಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನು ಮೂರು ತಿಂಗಳಿಂದ ಆಡಿದ್ದು. ಸುಳ್ಳು ಹೇಳುವುದಿಲ್ಲ, ಆವತ್ತು ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಶುಕ್ರವಾರ ಎರಡಕ್ಕೆ ಬಂದ. ಸ್ವಲ್ಪ ಹೊತ್ತಿಗೆ ಎದ್ದು ಪುಟ್ಟಸ್ವಾಮಿಯ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಕೂಗಾಡಲಿಲ್ಲ. ಪುಟ್ಟಸ್ವಾಮಿಯ ಮುಖ ಕೆಟ್ಟಿತು. ತೂಕ ಅವನ ಕೈಯಲ್ಲಿತ್ತು, ಬಾಮೈದನ ಬೇಲು ತೂಗುವವನನ್ನು ಬೇಜಾರು ಮಾಡಿ ಕಳಿಸುವ ಹಾಗಿರಲಿಲ್ಲ. ಅವನ ಎದುರಿಗೇ ನನ್ನನ್ನು ಕರೆದರು.

"ನಿಂಗಕ್ಕ, ಯಾರು ಮುಟ್ಟಿದ್ರು ಮೂಲೆ ಮಿಷನ್ನ?"

"ನಂಗೇನ್ ಗೊತ್ತು ಬುದ್ಧಿ" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಿನ್ನೆ ರಫಿ ಬಂದು ಅದ್ರ ಮುಂದೆ ಕೂತಿದ್ದ" ಅಂದೆ.

ಕೂತಿದ್ದದ್ದು ನಿಜ. ಗುರುವಾರ ಬಂದು ಕೀಬೋರ್ಡ್ ಬಿಚ್ಚಿ ಧೂಳು ತೆಗೆದು ಹೋಗಿದ್ದ. ನಿಜದ ಒಂದು ತುಂಡು ಹಿಡಿದು ಸುಳ್ಳು ಕಟ್ಟಿದೆ. ಇನ್ನೊಂದನ್ನೂ ಬರೆದುಬಿಡುತ್ತೇನೆ. ಆ ಹೆಸರು ಹೇಳಿದರೆ ಪುಟ್ಟಸ್ವಾಮಿ ಎರಡನೇ ಪ್ರಶ್ನೆ ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಕೇಳಲಿಲ್ಲ. ಅಲ್ಲೇ ಫೋನ್ ಎತ್ತಿ ರಫಿಗೆ, "ಇನ್ಮೇಲೆ ನಮ್ಮ ಅಂಗಡಿ ಕಡೆ ತಲೆ ಹಾಕ್‌ಬೇಡ" ಅಂದರು. ಆ ಕಡೆಯಿಂದ ಅವನು ಏನೋ ಹೇಳುತ್ತಿದ್ದ. ಇಟ್ಟುಬಿಟ್ಟರು.

ಚೆಲುವರಾಜು ಮನೆಗೆ ಹೋಗಲಿಲ್ಲ. ಹೋಗಿ ಮೂಲೆಯಲ್ಲಿ ಕೂತ. ಯಂತ್ರ ಹಾಕಲಿಲ್ಲ. ನಾನು ಒರೆಸುವ ಬಟ್ಟೆ ಹಿಡಿದು ಹತ್ತಿರ ಹೋದೆ. ಮೊದಲನೇ ಸಲ ಅವನು ಕುರ್ಚಿ ತಿರುಗಿಸಿದ.

"ಇನ್ನೆರಡೇ ಊರಿತ್ತು ಅಜ್ಜಿ. ಅಜ್ಜಯ್ಯನ್ನ ದಾಟ್ಸಿಬುಡ್ತಿದ್ದೆ."

"ಯಾವ ಅಜ್ಜಯ್ಯ?"

"ಕುಂಟಯ್ಯ ಇದ್ನಲ್ಲ, ನನ್ ಹಿಂದೆ."

"ಅವ್ನು ಆಳಲ್ವ?"

ಅವನು ನಕ್ಕ. "ಆಳು ಎಲ್ಲಿ ಬಂತು. ಮೊದಲ್ನೇ ಊರಲ್ಲೇ ಸಿಕ್ತಾನೆ. ಎಲ್ರೂ ಅಲ್ಲೇ ಬುಟ್ ಹೋಯ್ತರೆ, ನಡೆಯಕ್ಕಾಗಲ್ಲ, ನೀರು ಕುಡೀತಾನೆ ಅಂತ. ಸಮುದ್ರದ ಹತ್ರ ಅವ್ನ ಮಗಳವ್ಳೆ. ನಾನು ಕರ್ಕೊಂಡ್ ಹೋಯ್ತೀನಿ ಅಂತ ಒತ್ಬುಟ್ಟೆ. ಆಮೇಲೆ ಒಂದೊಂದ್ ಊರಲ್ಲೂ ಅವ್ನುಳೀಬೇಕು ಅಂದ್ರೆ ಬೇರೆ ಯಾರೋ ಸಾಯ್ಬೇಕು. ಆ ಹಗ್ಗ ಇಲ್ದಿದ್ರೆ ಹೊಳೆ ದಾಟಂಗಿರ್ಲಿಲ್ಲ. ಬಾಗಿಲು ತೆಗೀದಿದ್ರೆ ಅವ್ನ ಕತ್ತು ಕುಯ್ಯೋರು."

"ಅದಕ್ಕೆ ಊರ್‌ಗೂರೇ ಕೊಂದ್ಯಾ?"

"ಕೊಂದೆ" ಅಂದ. "ಸರಿ ಅಂತ ಹೇಳ್ತಿಲ್ಲ. ಮಂಗ್ಳಾರ ಊಟ ಸೇರ್ನಿಲ್ಲ ನಂಗೆ."

ಮತ್ತೆ ಮೊದಲಿಂದ ಆಡಬಹುದಲ್ಲ ಅಂದೆ. ಇನ್ನೊಂದು ಸಲ ಆ ಕೆಲಸಗಳನ್ನೆಲ್ಲ ಮಾಡಲು ಕೈ ಬರುವುದಿಲ್ಲ ಅಂದ. ಎದ್ದು ಹೋದ. ಮತ್ತೆ ಬರಲಿಲ್ಲ. ಮೂರು ತಿಂಗಳು ಅವನ ಬೆನ್ನ ಹಿಂದೆ ನಿಂತು ನೋಡಿದ್ದೆ. ಅವನ ಕೈ ಏನು ಮಾಡಿತು ಅನ್ನುವುದು ಕಂಡಿತ್ತು, ಯಾರಿಗೋಸ್ಕರ ಅನ್ನುವುದು ಕಂಡಿರಲಿಲ್ಲ. ಅದು ಪರದೆಯ ಕೆಳಗಿನ ಇಂಗ್ಲಿಷಿನಲ್ಲಿತ್ತು. ಈಗಲೂ ಅವನು ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಒಬ್ಬ ಮುದುಕನಿಗೆ ಒಂದು ಊರನ್ನು ಬಲಿ ಕೊಡುವುದು ಯಾವ ನ್ಯಾಯ. ಆದರೆ ಅವನು ಮತ್ತೊಬ್ಬರಿಗೋಸ್ಕರ ಮಾಡಿದ. ನಾನು ರಫಿಯನ್ನು ಕೊಟ್ಟದ್ದು ನಾನು ಕೂರುವ ಸ್ಟೂಲಿಗೋಸ್ಕರ.

ಹಾಗಂತ ಮಾರನೇ ದಿನವೇ ಹೋಗಿ ಹೇಳಿದೆ ಅಂದುಕೊಳ್ಳಬೇಡಿ. ಹೇಳಲಿಲ್ಲ. ಎರಡು ತಿಂಗಳು ಕಳೆಯಿತು. ರಿಪೇರಿಗೆ ಹೊಸಬ ಬಂದ. ಬಂದ ಕೆಲಸ ಮುಗಿಸಿ ಹೋಗುತ್ತಿದ್ದ, ನನ್ನ ಹೆಸರು ಕೂಡ ಕೇಳಲಿಲ್ಲ. ಆ ಎರಡು ತಿಂಗಳು ನನ್ನ ಬಾಯಲ್ಲಿ "ಟೈಮಾಯ್ತು, ಏಳಿ" ಬಿಟ್ಟರೆ ಇನ್ನೇನೂ ಇರಲಿಲ್ಲ.

ಒಂದು ದಿನ ಪಿರಿಯಾಪಟ್ಟಣದ ಕಂಪ್ಯೂಟರ್ ಅಂಗಡಿಯವರೊಬ್ಬರು ಪುಟ್ಟಸ್ವಾಮಿಗೆ ಫೋನ್ ಮಾಡಿದರು. ರಫಿ ಅಲ್ಲಿ ಕೆಲಸ ಕೇಳಿದ್ದಾನೆ, ಹೇಗೆ ಮನುಷ್ಯ ಅಂತ. ನಾನು ಅಲ್ಲೇ ಕಸ ಗುಡಿಸುತ್ತಿದ್ದೆ. "ಕೆಲ್ಸ ಚೆನ್ನಾಗ್ ಮಾಡ್ತಾನೆ. ಆದ್ರೆ ಗಿರಾಕಿಗಳದ್ದ ಅಳಿಸಾಕ್ತಾನೆ, ಕೇಳುದ್ರೆ ಇಲ್ಲ ಅಂತಾನೆ" ಅಂದರು ಪುಟ್ಟಸ್ವಾಮಿ. ಅವರು ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದನ್ನು ನಂಬಿ ಹೇಳಿದರು.

ಫೋನ್ ಇಟ್ಟಮೇಲೆ ಪೊರಕೆ ಗೋಡೆಗೊರಗಿಸಿ, "ಅಳಿಸಿದ್ದು ನಾನು" ಅಂದೆ.

ಪುಟ್ಟಸ್ವಾಮಿ ನನ್ನ ಕಡೆ ತಿರುಗಿದರು. "ಯಾಕೆ?"

"ಊರ್ ಕೊಂದ, ಅದಕ್ಕೆ."

"ಆಟದಾಗೆ?"

"ಊಂ."

"ನಿಂಗೇನ್ ತಲೆ ನೆಟ್ಗೈತಾ ನಿಂಗಕ್ಕ" ಅಂದರು. ಆಮೇಲೆ ದನಿ ಇಳಿಸಿ, "ಬುಡು, ಆದದ್ದು ಆಯ್ತು. ಹೊಸಬ ಕರ್‌ದಾಗ ಬತ್ತಾನೆ. ಈಗ ರಫಿ ಹತ್ರ ಹೋಗಿ ನಂದು ತಪ್ಪಾಯ್ತು ಅನ್ನಕ್ಕಾಯ್ತದಾ ನಾನು? ಈ ಮಾತು ಇಲ್ಲೇ ಇರ್ಲಿ."

"ಆ ಪಿರಿಯಾಪಟ್ಣದೋರ್‌ಗೆ ಒಂದ್ ಫೋನಾದ್ರೂ ಮಾಡಿ."

"ಗುಡ್ಸು ಹೋಗು" ಅಂದರು. ಕೆಲಸದಿಂದ ತೆಗೆಯಲಿಲ್ಲ. ಯಾವುದಕ್ಕೆ ಹೆದರಿ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆನೋ ಅದು ಆಗಲೇ ಇಲ್ಲ.

ಭಾನುವಾರ ರಜೆ. ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಹೋದೆ. ಕೇಳಿಕೊಂಡು ಹೋದರೆ, ರಫಿ ಬಸ್ ಸ್ಟ್ಯಾಂಡಿನ ಹತ್ತಿರ ಮಾವನ ಅಂಗಡಿಯ ಜಗಲಿಯಲ್ಲಿ ಕೂತು ಎಮರ್ಜೆನ್ಸಿ ಲೈಟು ರಿಪೇರಿ ಮಾಡುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿಸಿದ. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಏನಜ್ಜಿ ಇಷ್ಟು ದೂರ. ಕೂತ್ಕಳಿ."

ನಿಂತೇ ಹೇಳಿದೆ. ಅಳಿಸಿದ್ದು, ಅವನ ಹೆಸರು ಹೇಳಿದ್ದು, ಪುಟ್ಟಸ್ವಾಮಿ ಫೋನಿನಲ್ಲಿ ಹೇಳಿದ್ದು, ಎಲ್ಲ. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ತಂತಿ ಬೆಸೆದು, ಆರಲು ಊದಿ, ಪಕ್ಕಕ್ಕಿಟ್ಟ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಕೆಲ್ಸ ಹೋಯ್ತದೆ ಅಂತ."

"ನಂದು ಹೋಯ್ತಲ್ಲ."

"ಹೋಯ್ತು" ಅಂದೆ.

ಅವನು ಎದ್ದು ಅಂಗಿ ಕೊಡವಿಕೊಂಡ. "ಇಲ್ಲಿ ನನ್ ಮುಂದೆ ಹೇಳಿ ಏನ್ ಬಂತು. ಬನ್ನಿ, ಅಲ್ಲಿ ಹೇಳಿ" ಅಂದು ಮುಂದೆ ನಡೆದ. ನಾನು ಹಿಂದೆ ಹೋದೆ. ಮೊಣಕಾಲು ನೋವಿತ್ತು, ನಿಧಾನ ಮಾಡು ಅನ್ನಲು ಬಾಯಿ ಬರಲಿಲ್ಲ.

ಆ ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ರಫಿ ಬಾಗಿಲಲ್ಲೇ ನಿಂತು, "ಈ ಯಮ್ಮ ಏನೋ ಹೇಳ್ಬೇಕಂತೆ, ಕೇಳಿ" ಅಂದ. ನಾನು ಆ ನಾಲ್ಕು ಜನಕ್ಕೂ ಕೇಳುವ ಹಾಗೆ ಹೇಳಿದೆ. ಹುಣಸೂರಲ್ಲಿ ಗಿರಾಕಿಯ ಆಟ ಅಳಿಸಿದವಳು ನಾನು. ಇವನು ಮುಟ್ಟಿಲ್ಲ. ಇವನ ಮೇಲೆ ಹಾಕಿದವಳೂ ನಾನೇ.

ಅಂಗಡಿಯವರು ನನ್ನ ಬಿಳಿ ತಲೆಯನ್ನೂ ರಫಿಯನ್ನೂ ನೋಡಿ ಜೋರಾಗಿ ನಕ್ಕರು. "ಅಯ್ಯೋ, ಒಂದು ಆಟಕ್ಕಾ ಇಷ್ಟೆಲ್ಲ? ನಾನೇನೋ ಲೆಕ್ಕದ್ ಫೈಲ್ ಅಳಿಸಿದ್ದಾನೆ ಅಂತಿದ್ದೆ." ಗಿರಾಕಿಗಳೂ ನಕ್ಕರು. ಒಬ್ಬ, "ಅಜ್ಜಿನೂ ಆಡ್ತದಾ" ಅಂದ. ರಫಿ ನಗಲಿಲ್ಲ. ನಾನೂ ನಗಲಿಲ್ಲ.

"ನಾಳೆ ಬಾರಪ್ಪ, ನೋಡಾಣ" ಅಂದರು ಅಂಗಡಿಯವರು.

ಜಗಲಿಯ ತನಕ ಇಬ್ಬರೂ ವಾಪಸ್ಸು ಬಂದೆವು. ಅವನು ಕೂತು ಇನ್ನೊಂದು ಲೈಟು ಬಿಚ್ಚಿದ.

"ನಾಳೆ ಹೋಯ್ತೀಯಾ?" ಅಂದೆ.

"ಹೋಗ್ದೆ ಏನ್ ಮಾಡ್ಲಿ. ಮಕ್ಳವ್ರೆ."

ನಾನು ಇನ್ನೂ ನಿಂತೇ ಇದ್ದೆ. ಅವನು ಸ್ಕ್ರೂ ಒಂದೊಂದಾಗಿ ತೆಗೆದು ಮುಚ್ಚಳದಲ್ಲಿ ಹಾಕಿಟ್ಟುಕೊಳ್ಳುತ್ತಿದ್ದ. ತಲೆಯೆತ್ತದೆ ಹೇಳಿದ.

"ನೀವ್ ಬಂದು ಹೇಳಿದ್ದು ಒಳ್ಳೇದಾಯ್ತು ಅಜ್ಜಿ. ಇನ್ನೊಂದ್ಸಲ ಬರ್‌ಬೇಡಿ."

ನಾನು ಹೋಗಲಿಲ್ಲ. ಆ ಅಂಗಡಿಯವರು ಅವನನ್ನು ಕೆಲಸಕ್ಕೆ ತೆಗೆದುಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಕುಶಾಲನಗರದಲ್ಲಿ ತಂಗಿಯ ಮನೆ ಇದೆ, ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ನಾನು ಆ ಜಗಲಿ ಕಾಣದ ಕಡೆ ಸೀಟು ನೋಡಿಕೊಂಡು ಕೂರುತ್ತೇನೆ.